ಕಂಟೆಂಪರರಿಯೋ ಪ್ಯಾರಾನಾರ್ಮಲ್ಲೋ: ಒಂದೇ ಲೇಖಕಿಯ ಎರಡು ಬಗೆಯ ರೊಮ್ಯಾನ್ಸ್ ಪಕ್ಕಪಕ್ಕ ಇಟ್ಟಾಗ

ಕಂಟೆಂಪರರಿ ರೊಮ್ಯಾನ್ಸ್, ಅಂದರೆ ಇಂದಿನ ನಿತ್ಯಜೀವನದ ಪ್ರೇಮಕಥೆ, ಓದುವವರಿಗೆ ರಕ್ತ ಹೀರುವ ವ್ಯಾಂಪೈರ್ ಕಥೆಗಳೆಂದರೆ ಹದಿಹರೆಯದ ಹುಚ್ಚು. ಪ್ಯಾರಾನಾರ್ಮಲ್, ಅಂದರೆ ಅತಿಮಾನುಷರ ಪ್ರೇಮಕಥೆ, ಓದುವವರಿಗೆ ಆಫೀಸಿನ ಲಿಫ್ಟಿನಲ್ಲಿ ಹುಟ್ಟುವ ಪ್ರೇಮ ಸಪ್ಪೆ. ಈ ಜಗಳ ಬಗೆಹರಿಯದಿರುವುದಕ್ಕೆ ಕಾರಣವಿದೆ. ನಮ್ಮ ಕಡೆಯ ಒಳ್ಳೆಯ ಪುಸ್ತಕವನ್ನು ಆ ಕಡೆಯ ಕೆಟ್ಟ ಪುಸ್ತಕದ ಪಕ್ಕ ಇಟ್ಟು ತೂಗುವುದೇ ರೂಢಿ. ಅದರ ಬದಲು ಎರಡೂ ಬಗೆಯಲ್ಲಿ ಬರೆದಿರುವ ಒಬ್ಬರೇ ಲೇಖಕಿಯನ್ನು ಹಿಡಿದರೆ ತೂಕ ಸರಿಯಾಗುತ್ತದೆ. ಮಾತಿನ ಧಾಟಿ, ಹಾಸ್ಯ, ನಾಯಕಿಯ ಸ್ವಭಾವ ಹೆಚ್ಚುಕಮ್ಮಿ ಅವೇ. ಬದಲಾಗುವುದು ಪ್ರಕಾರ ಮಾತ್ರ. ಅಲಿ ಹೇಜಲ್‌ವುಡ್ ಅವರ ‘ದ ಲವ್ ಹೈಪಾಥಿಸಿಸ್’ (2021) ಮತ್ತು ‘ಬ್ರೈಡ್’ (2024) ಅಂಥ ಒಂದು ಜೋಡಿ. ಫಿಜಿಯಲ್ಲಿ ಹುಟ್ಟಿ ನ್ಯೂಜಿಲೆಂಡಿನಲ್ಲಿ ಬೆಳೆದ ನಳಿನಿ ಸಿಂಗ್ ಅವರ ‘ಸ್ಲೇವ್ ಟು ಸೆನ್ಸೇಷನ್’ (2006) ಮತ್ತು ‘ರಾಕ್ ಅಡಿಕ್ಷನ್’ (2014) ಇನ್ನೊಂದು. ಮುಂದೆ ಕಥೆಯ ತಿರುವುಗಳೆಲ್ಲ ಬಯಲಾಗುತ್ತವೆ, ಓದದೇ ಇರುವವರು ಗಮನಿಸಿ.

ಹೇಜಲ್‌ವುಡ್ ಜೋಡಿಯ ಅನುಕೂಲವೆಂದರೆ ಎರಡೂ ಒಂದೇ ಟ್ರೋಪಿನ (ಪದೇಪದೇ ಬಳಕೆಯಾಗುವ ಕಥಾತಂತುವಿನ) ಮೇಲೆ ನಿಂತಿವೆ: ಸುಳ್ಳು ಸಂಬಂಧ ನಿಜವಾಗುವುದು. ‘ಲವ್ ಹೈಪಾಥಿಸಿಸ್’ನಲ್ಲಿ ಸ್ಟ್ಯಾನ್‌ಫರ್ಡಿನ ಪಿಎಚ್‌ಡಿ ವಿದ್ಯಾರ್ಥಿನಿ ಆಲಿವ್, ತಾನು ಹಳೆಯ ಹುಡುಗನನ್ನು ಮರೆತಿದ್ದೇನೆ ಎಂದು ಗೆಳತಿಯನ್ನು ನಂಬಿಸಲು ಎದುರಿಗೆ ಸಿಕ್ಕವನಿಗೆ ಮುತ್ತಿಡುತ್ತಾಳೆ. ಅವನು ಡಿಪಾರ್ಟ್‌ಮೆಂಟಿಗೇ ಸಿಡುಕನೆಂದು ಹೆಸರಾದ ಪ್ರೊಫೆಸರ್ ಆಡಮ್ ಕಾರ್ಲ್‌ಸನ್. ಆಮೇಲೆ ಇಬ್ಬರೂ ಜೋಡಿಯಂತೆ ನಟಿಸಲು ಒಪ್ಪಿಕೊಳ್ಳುತ್ತಾರೆ, ಬುಧವಾರ ಬುಧವಾರ ಒಟ್ಟಿಗೆ ಕಾಫಿ. ‘ಬ್ರೈಡ್’ನಲ್ಲಿ ವ್ಯಾಂಪೈರ್ ನಾಯಕನ ಮಗಳು ಮಿಸರಿ ಲಾರ್ಕ್, ತೋಳಮನುಷ್ಯರ ಗುಂಪಿನ ಮುಖಂಡ ಲೋ ಮೋರ್‌ಲ್ಯಾಂಡ್‌ನನ್ನು ಶಾಂತಿ ಒಪ್ಪಂದಕ್ಕಾಗಿ ಒಂದು ವರ್ಷದ ಮಟ್ಟಿಗೆ ಮದುವೆಯಾಗುತ್ತಾಳೆ. ಅವಳ ಒಳ ಉದ್ದೇಶ ಬೇರೆ: ಕಾಣೆಯಾದ ಗೆಳತಿ ಸೆರೀನಾಳನ್ನು ಹುಡುಕುವುದು.

ಈಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇವರಿಬ್ಬರೂ ಕೂತು ಹತ್ತು ನಿಮಿಷ ಮನಬಿಚ್ಚಿ ಮಾತಾಡಿದರೆ ಕಥೆ ಮುಗಿದುಹೋಗುತ್ತದೆಯೇ? ‘ಲವ್ ಹೈಪಾಥಿಸಿಸ್’ನಲ್ಲಿ ಹೌದು. ಬುಧವಾರದ ಕಾಫಿಗಳು ಸೊಗಸಾಗಿವೆ, ಆದರೆ ಅರ್ಧ ಪುಸ್ತಕ ದಾಟಿದ ಮೇಲೆ ನಾಟಕ ಮುಂದುವರಿಯಲು ಇರುವ ಕಾರಣ ಆಲಿವ್ ಹೇಳುವ ಒಂದು ಸುಳ್ಳು. ತನಗಿಷ್ಟವಾದವನು ಬೇರೆ ಯಾರೋ ಎಂದು ಆಡಮ್ ಎದುರೇ ಹೇಳಿಬಿಡುತ್ತಾಳೆ. ಅಲ್ಲಿಂದ ಮುಂದೆ ಓದುಗರಿಗೆ ಗೊತ್ತಿರುವುದು ಅವಳಿಗೆ ಮಾತ್ರ ಗೊತ್ತಿಲ್ಲ. ಬಾಸ್ಟನ್ ಕಾನ್ಫರೆನ್ಸಿನಲ್ಲಿ ಆಡಮ್‌ನ ಗೆಳೆಯನಾದ ಹಾರ್ವರ್ಡ್ ಪ್ರೊಫೆಸರ್ ಅವಳಿಗೆ ಕಿರುಕುಳ ಕೊಡುವ ಭಾಗ ಬಂದಾಗಲೇ ಕಥೆಗೆ ನಿಜವಾದ ಬಿಗಿ ಬರುವುದು. ಅಲ್ಲಿ ಅವಳ ಮೌನಕ್ಕೆ ತಕ್ಕ ಕಾರಣ ಇದೆ: ಅಧಿಕಾರ, ಲ್ಯಾಬು, ಭವಿಷ್ಯ. ಆ ಭಾಗ ಇಲ್ಲದಿದ್ದರೆ ಪುಸ್ತಕ ಕಾಫಿಯಲ್ಲೇ ಮುಗಿಯುತ್ತಿತ್ತು.

‘ಬ್ರೈಡ್’ನಲ್ಲಿ ಮಾತಾಡಿದರೂ ಕಥೆ ಮುಗಿಯುವುದಿಲ್ಲ. ಎರಡು ಜಾತಿಗಳ ನಡುವಿನ ಒಪ್ಪಂದ ಹಾಗೇ ಇರುತ್ತದೆ, ಗೆಳತಿ ಕಾಣೆಯಾದವಳು ಕಾಣೆಯಾಗಿಯೇ ಇರುತ್ತಾಳೆ. ಆದ್ದರಿಂದಲೇ ಮಿಸರಿ–ಲೋ ಸಂಭಾಷಣೆ ಹೆಚ್ಚು ನೇರ, ಹೆಚ್ಚು ತಮಾಷೆ. ಮಾತನ್ನು ಅದುಮಿಡುವ ಕೆಲಸವನ್ನು ಪಾತ್ರಗಳ ತಲೆಗೆ ಕಟ್ಟದೆ ಲೋಕವೇ ವಹಿಸಿಕೊಂಡಿದೆ. (ಪೂರ್ತಿ ಅಲ್ಲ. ಲೋನ ಸಂಗಾತಿ ಬೇರೊಬ್ಬಳು ಎಂದು ಮಿಸರಿ ತುಂಬ ಹೊತ್ತು ತಪ್ಪು ತಿಳಿದಿರುತ್ತಾಳೆ. ಈ ಲೇಖಕಿಗೆ ಆ ಚಟ ಬಿಡದು.)

ಇಷ್ಟಕ್ಕೇ ಪ್ಯಾರಾನಾರ್ಮಲ್ ಗೆದ್ದಿತು ಎನ್ನುವಂತಿಲ್ಲ. ತೋಳಮನುಷ್ಯರ ಕಥೆಯಲ್ಲಿ ‘ಮೇಟ್’ ಎಂಬ ಏರ್ಪಾಡು ಇದೆ: ಮೂಗಿಗೆ ವಾಸನೆ ಬಡಿದ ಗಳಿಗೆಯಲ್ಲೇ ಇವಳೇ ನನ್ನವಳು ಎಂದು ದೇಹ ತೀರ್ಮಾನಿಸಿಬಿಡುತ್ತದೆ. ಇವಳೇ ಏಕೆ ಎಂಬ ಪ್ರಶ್ನೆ ಅಲ್ಲಿಗೆ ಮುಚ್ಚಿತು. ಪ್ರೇಮಕಥೆಯಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ‘ಬ್ರೈಡ್’ ಬಚಾವಾಗುವುದು ಈ ಬಂಧ ಒಂದು ಕಡೆಯದು ಎಂಬ ಕಾರಣಕ್ಕೆ. ಲೋಗೆ ಮೊದಲಿಂದಲೇ ಗೊತ್ತು, ಬಾಯಿ ಬಿಡುವುದಿಲ್ಲ. ಮಿಸರಿಯದು ವ್ಯಾಂಪೈರ್ ದೇಹ, ಅದರಲ್ಲಿ ಅಂಥ ಏರ್ಪಾಡಿಲ್ಲ. ಆಯ್ಕೆ ಅವಳ ಕೈಯಲ್ಲೇ ಉಳಿಯುತ್ತದೆ.

ಆಯ್ಕೆ ಇಬ್ಬರ ಕೈಯಲ್ಲೂ ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ ‘ಟ್ವಿಲೈಟ್’ ಸರಣಿಯ ನಾಲ್ಕನೆಯ ಪುಸ್ತಕ (2008) ನೋಡಿ. ತೋಳವಾಗಬಲ್ಲ ಜೇಕಬ್, ನಾಯಕಿ ಬೆಲ್ಲಾಳ ಆಗತಾನೆ ಹುಟ್ಟಿದ ಕೂಸಿನ ಮೇಲೆ ‘ಇಂಪ್ರಿಂಟ್’ ಆಗುತ್ತಾನೆ, ಅಂದರೆ ತನಗರಿವಿಲ್ಲದೆ ಅವಳಿಗೆ ಜನ್ಮಕ್ಕಂಟಿಕೊಳ್ಳುತ್ತಾನೆ. ಅವಳು ದೊಡ್ಡವಳಾಗುವವರೆಗೆ ಅದು ಬರೀ ಅಣ್ಣನ ಕಾಳಜಿ ಎಂದು ಪುಸ್ತಕ ಎಷ್ಟು ವಿವರಿಸಿದರೂ ಕಸಿವಿಸಿ ಹೋಗುವುದಿಲ್ಲ. ಹಿಂದಿನ ಪುಸ್ತಕಗಳಲ್ಲಿ ಅವನು ಬೆಲ್ಲಾಳಿಗಾಗಿ ಪಟ್ಟ ಸಂಕಟವೆಲ್ಲ ಒಂದೇ ಪುಟದಲ್ಲಿ ಅಳಿಸಿಹೋಯಿತು. ಲೇಖಕಿಗೆ ತ್ರಿಕೋನವನ್ನು ಬಿಡಿಸಬೇಕಿತ್ತು, ವಿಧಿಯನ್ನು ಕರೆತಂದು ಕೆಲಸ ಮುಗಿಸಿದರು.

ಕಂಟೆಂಪರರಿಯಲ್ಲಿ ಇಂಥ ವಿಧಿ ಇಲ್ಲ ಎಂದುಕೊಂಡರೆ ಅದೂ ತಪ್ಪು. ಅಲ್ಲಿ ‘ಮೇಟ್’ ಜಾಗದಲ್ಲಿ ಇರುವುದು ‘ಅವನಿಗೆ ಮೊದಲ ದಿನದಿಂದಲೇ ಇಷ್ಟವಿತ್ತು’. ಅವಧಿ ಮೀರಿದ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಕಣ್ಣೀರು ಸುರಿಸುತ್ತಿದ್ದ ಆಲಿವ್‌ಳನ್ನು ಆಡಮ್ ವರ್ಷಗಳ ಹಿಂದೆಯೇ ನೋಡಿದ್ದ, ಮರೆತಿರಲಿಲ್ಲ. ಸ್ಯಾಲಿ ಥಾರ್ನ್ ಅವರ ‘ದ ಹೇಟಿಂಗ್ ಗೇಮ್’ನ (2016) ಜೋಶುವಾ ಕೂಡ ಹಾಗೇ. ಓದುಗರಿಗೆ ಸಿಗುವ ನೆಮ್ಮದಿ ಎರಡು ಕಡೆಯೂ ಒಂದೇ: ನಾಯಕ ಎಲ್ಲಿಗೂ ಹೋಗುವುದಿಲ್ಲ. ವ್ಯತ್ಯಾಸ ಸಾಕ್ಷಿಯದು. ಪ್ಯಾರಾನಾರ್ಮಲ್‌ನಲ್ಲಿ ವಾಸನೆ ಬಂತು ಎಂದರೆ ಸಾಕು. ಕಂಟೆಂಪರರಿ ಸಾಕ್ಷಿ ಒದಗಿಸಲೇಬೇಕು.

‘ಹೇಟಿಂಗ್ ಗೇಮ್’ ಆ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತದೆ ನೋಡಿ. ಎರಡು ಪ್ರಕಾಶನ ಸಂಸ್ಥೆಗಳು ಒಂದಾದ ಮೇಲೆ ಇಬ್ಬರು ಸಿಇಒಗಳ ಸಹಾಯಕರಾದ ಲೂಸಿ ಮತ್ತು ಜೋಶುವಾ ಎದುರುಬದುರು ಮೇಜಿನಲ್ಲಿ ಕೂರುತ್ತಾರೆ. ಅವನ ಅಂಗಿಗಳ ಬಣ್ಣ ಯಾವ ಕ್ರಮದಲ್ಲಿ ಬರುತ್ತದೆ ಎಂದು ಇವಳಿಗೆ ಬಾಯಿಪಾಠ. ಇವಳು ಕದ್ದು ನೋಡಿದಾಗ ಅವನ ಪ್ಲ್ಯಾನರ್‌ನಲ್ಲಿ ದಿನದಿನಕ್ಕೂ ಪೆನ್ಸಿಲ್ ಗುರುತು: ಕೆಲವು ದಿನ ‘ಡಿ’, ಕೆಲವು ದಿನ ‘ಎಸ್’. ತನ್ನ ತಪ್ಪುಗಳ ಲೆಕ್ಕ ಇಡುತ್ತಿದ್ದಾನೆ, ಎಚ್‌ಆರ್‌ಗೆ ದೂರು ಕೊಡಲಿದ್ದಾನೆ ಎಂದು ಲೂಸಿಯ ಗುಮಾನಿ. ಆಮೇಲೆ ಗೊತ್ತಾಗುತ್ತದೆ, ಅದು ಅವಳು ಡ್ರೆಸ್ ಹಾಕಿದ ದಿನ, ಸ್ಕರ್ಟ್ ಹಾಕಿದ ದಿನ. ಅವನ ಮಲಗುವ ಕೋಣೆಯ ಗೋಡೆಗೆ ಅವಳ ಕಣ್ಣಿನ ಬಣ್ಣವೇ ಬಳಿದಿದೆ. ಪೂರ್ತಿ ಕಥೆ ಲೂಸಿಯ ಬಾಯಲ್ಲೇ ಇರುವುದರಿಂದ ಇದೆಲ್ಲ ನಮ್ಮ ಕಣ್ಣೆದುರೇ ಬಿದ್ದಿದ್ದು ಕಾಣದೇ ಹೋಗುತ್ತದೆ. ಎರಡನೇ ಸಲ ಓದಿದರೆ ಬೇರೆಯೇ ಪುಸ್ತಕ. ನಿಜ ಜೀವನದಲ್ಲಿ ಸಹೋದ್ಯೋಗಿ ಹೀಗೆ ದಾಖಲೆ ಇಟ್ಟರೆ ಎಚ್‌ಆರ್‌ಗೇ ಹೋಗಬೇಕು, ಆ ಮಾತು ಬೇರೆ.

ನಳಿನಿ ಸಿಂಗ್ ಜೋಡಿಯಲ್ಲಿ ಈ ಲೆಕ್ಕ ಉಲ್ಟಾ ಹೊಡೆಯುತ್ತದೆ. ‘ಸ್ಲೇವ್ ಟು ಸೆನ್ಸೇಷನ್’ ನಡೆಯುವುದು 2079ರಲ್ಲಿ. ಮನಃಶಕ್ತಿಯುಳ್ಳ ‘ಸೈ’ ಜನ, ತಮ್ಮಲ್ಲಿ ಹೆಚ್ಚಿದ್ದ ಹುಚ್ಚು ಮತ್ತು ಹಿಂಸೆಯನ್ನು ತಡೆಯಲು 1979ರಿಂದ ‘ಸೈಲೆನ್ಸ್’ ಎಂಬ ಕಟ್ಟಳೆ ತಂದಿದ್ದಾರೆ: ಮಕ್ಕಳಿಗೆ ಚಿಕ್ಕಂದಿನಿಂದಲೇ ಭಾವನೆಯೇ ಇಲ್ಲದಂತೆ ತರಬೇತಿ. ಎಲ್ಲರ ಮನಸ್ಸೂ ‘ಸೈನೆಟ್’ ಎಂಬ ಜಾಲಕ್ಕೆ ಜೋಡಿಸಿದೆ. ಜಾಲದಿಂದ ಕಿತ್ತುಕೊಂಡರೆ ಸಾವು. ಜಾಲದೊಳಗೆ ಭಾವನೆ ಬಯಲಾದರೆ ಮನಸ್ಸನ್ನೇ ಅಳಿಸುವ ಶಿಕ್ಷೆ. ಇಂಥಲ್ಲಿ ಸಾಶಾ ಡಂಕನ್ ಎಂಬವಳ ಕಟ್ಟಳೆ ಬಿರುಕು ಬಿಡುತ್ತಿದೆ. ಚಿರತೆಯಾಗಬಲ್ಲವರ ಗುಂಪಿನ ಮುಖಂಡ ಲೂಕಸ್ ಹಂಟರ್, ತನ್ನವರ ಹುಡುಗಿಯನ್ನು ಕೊಂದ ಸೈ ಹಂತಕನನ್ನು ಹುಡುಕಲು ಅವಳ ತಾಯಿಯ ಕಂಪನಿಯೊಂದಿಗೆ ಮನೆ ಕಟ್ಟುವ ವ್ಯವಹಾರ ಹೂಡಿದ್ದಾನೆ.

ಇಲ್ಲಿ ಅಡ್ಡಿಯೂ ಪ್ರೇಮವೂ ಒಂದೇ ವಸ್ತು, ಅದೇ ಈ ಪುಸ್ತಕದ ಬಲ. ಚಿರತೆ ಗುಂಪಿನವರಿಗೆ ಮೈ ಮುಟ್ಟಿ ಮಾತಾಡುವುದು ಸಹಜ. ಸಾಶಾಗೆ ಯಾರೂ ಮುಟ್ಟಿ ಗೊತ್ತಿಲ್ಲ. ಲೂಕಸ್ ಭುಜದ ಮೇಲೆ ಕೈ ಇಟ್ಟರೂ ಅವಳಿಗೆ ಪ್ರಾಣಾಪಾಯ. ಆದ್ದರಿಂದ ಚಿಕ್ಕ ಸ್ಪರ್ಶಕ್ಕೂ ಬೆಲೆ. ಮುತ್ತಿನ ದೃಶ್ಯಕ್ಕೆ ನೂರು ಪುಟ ಕಾಯಿಸಿದರೂ ಬೇಸರವಾಗುವುದಿಲ್ಲ. ಕೊರತೆಯೂ ಇದೆ: ಗುರುಗುಟ್ಟುವ ಗಂಡು, ‘ನೀನು ನನ್ನವಳು’ ಎಂಬ ಪಲ್ಲವಿ. ಸರಣಿಯ ಐದಾರು ಪುಸ್ತಕ ಒಟ್ಟಿಗೇ ಓದಿದರೆ ಆ ಸಾಲುಗಳನ್ನು ಕಣ್ಣು ತಾನಾಗಿ ಹಾರಿಸುತ್ತದೆ.

‘ರಾಕ್ ಅಡಿಕ್ಷನ್’ ನಾಯಕಿ ಮಾಲಿ ಗ್ರಂಥಪಾಲಕಿ, ನಾಯಕ ರಾಕ್ ಗಾಯಕ ಫಾಕ್ಸ್. ರಾಜಕಾರಣಿ ತಂದೆಯ ಹಗರಣ ಪತ್ರಿಕೆಗಳ ಪಾಲಾಗಿ ಅವಳ ಬಾಲ್ಯ ಕೆಟ್ಟಿತ್ತು, ಹಾಗಾಗಿ ಪ್ರಚಾರ ಎಂದರೆ ಭಯ. ಕಾರಣ ಗಟ್ಟಿಯಾಗಿದೆ. ಆದರೆ ಅಡ್ಡಿ ಅವಳ ಮನಸ್ಸಿನೊಳಗೆ ಮಾತ್ರ ಇರುವುದರಿಂದ ಭಯ, ಸಮಾಧಾನ, ಹಾಸಿಗೆ, ಮತ್ತೆ ಭಯ ಎಂಬ ಸುತ್ತು ತಿರುಗುತ್ತಲೇ ಇರುತ್ತದೆ. ಲೇಖಕಿ ಅದೇ, ಶ್ರಮವೂ ಅಷ್ಟೇ, ಫಲ ಅರ್ಧ. ಹೊರಲೋಕದ ಒತ್ತಡ ಇದ್ದಾಗಲೇ ಸಿಂಗ್ ಅವರ ಕೈ ಪಳಗುವುದು.

ಹಾಗಾದರೆ ಕಂಟೆಂಪರರಿಗೆ ಪ್ಯಾರಾನಾರ್ಮಲ್‌ನಷ್ಟು ಗಟ್ಟಿ ಅಡ್ಡಿ ಸಿಗುವುದೇ ಇಲ್ಲವೇ? ಸಿಗುತ್ತದೆ, ಕುಟುಂಬ ಮತ್ತು ಕಟ್ಟುಪಾಡು ಜೀವಂತವಾಗಿರುವ ಕಡೆ. ಸೊನಾಲಿ ದೇವ್ ಅವರ ‘ಎ ಬಾಲಿವುಡ್ ಅಫೇರ್’ (2014) ನಾಯಕಿ ಮಿಲಿಗೆ ರಾಜಸ್ಥಾನದಲ್ಲಿ ನಾಲ್ಕನೇ ವಯಸ್ಸಿಗೇ ಮದುವೆಯಾಗಿದೆ. ಗಂಡನ ಮುಖ ನೋಡದೆ ಇಪ್ಪತ್ತು ವರ್ಷ. ಅಮೆರಿಕದ ಮಿಶಿಗನ್‌ಗೆ ಓದಲು ಹೋದವಳ ಹತ್ತಿರ ಮದುವೆ ರದ್ದತಿಯ ಕಾಗದಕ್ಕೆ ಸಹಿ ಹಾಕಿಸಲು ಬರುವವನು ಗಂಡನ ತಮ್ಮ ಸಮೀರ್. ಬಾಲ್ಯವಿವಾಹ ಎಂಬ ಒಂದೇ ಸಂಗತಿ ಸೈನೆಟ್ ಮಾಡುವ ಕೆಲಸವನ್ನೆಲ್ಲ ಮಾಡುತ್ತದೆ, ಜೊತೆಗೆ ನಮಗೆ ವಿವರಿಸಿ ಹೇಳಬೇಕಾದ್ದೂ ಇಲ್ಲ. ಕನ್ನಡದ ವಾರಪತ್ರಿಕೆಗಳ ಧಾರಾವಾಹಿ ಓದಿ ಬೆಳೆದವರಿಗೆ ಈ ಪುಸ್ತಕದ ಲಯ ತಕ್ಷಣ ಹಿಡಿಸುತ್ತದೆ. ಅಮೆರಿಕದ ದೊಡ್ಡ ಊರಿನ ಇಬ್ಬರು ಸ್ವತಂತ್ರರ ಕಥೆಯಲ್ಲಿ ಅಂಥ ಅಡ್ಡಿ ಸುಲಭಕ್ಕೆ ಸಿಗದು. ಮುಕ್ಕಾಲು ಭಾಗದ ಹೊತ್ತಿಗೆ ಏಕಾಏಕಿ ಬರುವ ಮುನಿಸಿಗೆ ಅದೇ ಮೂಲ: ಕಥೆಗೆ ಪೆಟ್ಟು ಬೇಕು, ಹೊರಗಿನಿಂದ ಕೊಡಲು ಏನೂ ಇಲ್ಲ, ನಾಯಕಿಗೆ ದಿಢೀರನೆ ಅನುಮಾನ ಹುಟ್ಟಿಸುತ್ತಾರೆ.

ಪ್ಯಾರಾನಾರ್ಮಲ್ ಕೆಡುವುದು ಇನ್ನೊಂದು ಕಡೆ, ಲೋಕ ಕಟ್ಟುವ ಉತ್ಸಾಹದಲ್ಲಿ. ಜೆ.ಆರ್. ವಾರ್ಡ್ ಅವರ ‘ಬ್ಲ್ಯಾಕ್ ಡ್ಯಾಗರ್ ಬ್ರದರ್‌ಹುಡ್’ ಸರಣಿಯ ಮೊದಲ ಪುಸ್ತಕ ‘ಡಾರ್ಕ್ ಲವರ್’ (2005) ಶುರುವಾಗುವ ಮುಂಚೆಯೇ ಪದಕೋಶವಿದೆ. ಅದನ್ನು ಮೊದಲು ಓದಬೇಡಿ, ಕಥೆಯಲ್ಲಿ ಪದ ಬಂದಾಗ ಹಿಂದೆ ತಿರುಗಿಸಿ ನೋಡಿದರೆ ಸಾಕು. ಮೈಯಿಂದ ಬೇಬಿ ಪೌಡರ್ ವಾಸನೆ ಬರುವ ಖಳರ ಅಧ್ಯಾಯಗಳನ್ನು ಹಾರಿಸಿದರೂ ಪ್ರೇಮಕಥೆಗೆ ನಷ್ಟವಿಲ್ಲ. ವಿಚಿತ್ರವೆಂದರೆ ಇಷ್ಟೆಲ್ಲ ಗದ್ದಲದ ನಡುವೆಯೂ ಮೂರನೆಯ ಪುಸ್ತಕ ‘ಲವರ್ ಅವೇಕನ್ಡ್’ (2006) ನಿಜಕ್ಕೂ ಕಲಕುತ್ತದೆ.

ಕೊಳ್ಳುವಾಗ ಗಮನಿಸಬೇಕಾದ್ದು: ಅಂಗಡಿಯ ಪ್ಯಾರಾನಾರ್ಮಲ್ ಕಪಾಟಿನಲ್ಲಿ ಇರುವುದೆಲ್ಲ ರೊಮ್ಯಾನ್ಸ್ ಅಲ್ಲ. ಪುಸ್ತಕಕ್ಕೊಂದು ಹೊಸ ಜೋಡಿ ಇದ್ದರೆ ರೊಮ್ಯಾನ್ಸ್, ಸುಖಾಂತ್ಯ ಖಾತ್ರಿ. ಎಲ್ಲ ಪುಸ್ತಕಕ್ಕೂ ಒಬ್ಬಳೇ ನಾಯಕಿ ಇದ್ದರೆ ಅದು ಬಹುಪಾಲು ಅರ್ಬನ್ ಫ್ಯಾಂಟಸಿ, ಅಂದರೆ ಪ್ರೇಮ ಒಂದು ಎಳೆ ಮಾತ್ರವಾಗಿರುವ ಇಂದಿನ ಲೋಕದ ಮಾಯಾಕಥೆ. ಶಾರ್ಲೇನ್ ಹ್ಯಾರಿಸ್ ಅವರ ಸೂಕಿ ಸ್ಟ್ಯಾಕ್‌ಹೌಸ್ ಸರಣಿ 2001ರಿಂದ 2013ರವರೆಗೆ ಹದಿಮೂರು ಕಾದಂಬರಿ ಓಡಿತು. ಕೊನೆಗೆ ಸೂಕಿ ಯಾವ ವ್ಯಾಂಪೈರ್‌ನ ಜೊತೆಗೂ ಉಳಿಯದೆ ತಾನು ಕೆಲಸ ಮಾಡುವ ಬಾರಿನ ಮಾಲೀಕ ಸ್ಯಾಮ್ ಕಡೆ ಹೋದಾಗ, ರೊಮ್ಯಾನ್ಸ್ ಎಂದುಕೊಂಡು ಓದಿದವರು ಸಿಟ್ಟಾದರು. ಇಲೋನಾ ಆಂಡ್ರೂಸ್ ಎಂಬ ಹೆಸರಿನಲ್ಲಿ ಗಂಡ–ಹೆಂಡತಿ ಸೇರಿ ಬರೆಯುವ ಕೇಟ್ ಡ್ಯಾನಿಯಲ್ಸ್ ಸರಣಿಯಲ್ಲಿ (ಮೊದಲನೆಯದು 2007) ಪ್ರೇಮ ನಿಜವಾಗಿ ಕೂಡಿಬರುವುದು ನಾಲ್ಕನೆಯ ಪುಸ್ತಕದಲ್ಲಿ. ಕಾಯುವ ತಾಳ್ಮೆ ಇದ್ದರೆ ಅದರಷ್ಟು ರುಚಿ ಬೇರೆಲ್ಲೂ ಇಲ್ಲ.

ಕ್ರಮ ತಪ್ಪಿ ಓದುವ ಪ್ರಶ್ನೆಯಲ್ಲಿ ಕಂಟೆಂಪರರಿ ಸಲೀಸು, ಯಾವುದನ್ನು ಮೊದಲು ಎತ್ತಿಕೊಂಡರೂ ನಡೆಯುತ್ತದೆ. ‘ಸ್ಲೇವ್ ಟು ಸೆನ್ಸೇಷನ್’ನಿಂದ ಶುರುವಾಗುವ ‘ಸೈ–ಚೇಂಜ್‌ಲಿಂಗ್’ ಸರಣಿ ಹಾಗಲ್ಲ. ಹತ್ತನೆಯ ಪುಸ್ತಕ ‘ಕಿಸ್ ಆಫ್ ಸ್ನೋ’ (2011) ಎಲ್ಲರ ಬಾಯಲ್ಲೂ ಇದೆ ಎಂದು ನೇರ ಅದಕ್ಕೇ ಕೈ ಹಾಕಿದರೆ, ಹಾಕ್ ಮತ್ತು ಸಿಯೆನಾ ನಡುವೆ ಹಿಂದಿನ ಪುಸ್ತಕಗಳಲ್ಲಿ ಕೂಡಿಬಂದ ಬಿಸಿ ತಲುಪುವುದೇ ಇಲ್ಲ. ಬೆಂಗಳೂರಿನ ಚರ್ಚ್ ಸ್ಟ್ರೀಟಿನಂಥ ಕಡೆ ಹಳೆಯ ಪ್ರತಿ ಹುಡುಕುವವರು ಒಳಪುಟದಲ್ಲಿರುವ ಇತರ ಕೃತಿಗಳ ಪಟ್ಟಿ ನೋಡಿಕೊಳ್ಳಿ, ಮುಖಪುಟದ ಮೇಲೆ ಸಂಖ್ಯೆ ಇರುವುದು ಅಪರೂಪ. 2017ರ ‘ಸಿಲ್ವರ್ ಸೈಲೆನ್ಸ್’ನಿಂದ ಸಿಂಗ್ ಹೊಸ ಘಟ್ಟ ಶುರುಮಾಡಿದ್ದಾರೆ. ಮೊದಲ ಹದಿನೈದು ಓದಲು ಪುರುಸೊತ್ತಿಲ್ಲದವರು ಅಲ್ಲಿಂದ ಹಿಡಿಯಬಹುದು, ಅರ್ಧ ಹೆಸರುಗಳು ಯಾರವೆಂದು ತಿಳಿಯದಿದ್ದರೂ ಚಿಂತೆಯಿಲ್ಲ ಎಂದಾದರೆ.

ಇ-ಪುಸ್ತಕದ ಉಚಿತ ಸ್ಯಾಂಪಲ್ ಸಿಕ್ಕರೆ ಎರಡು ಬಗೆಗೂ ಬೇರೆ ಬೇರೆ ಪರೀಕ್ಷೆ. ಕಂಟೆಂಪರರಿಯಾದರೆ ಇಬ್ಬರ ಮೊದಲ ಸಂಭಾಷಣೆ ಓದಿ. ಅದರಲ್ಲಿ ಯಾರು ಏನು ಹೇಳಿದರು ಎಂಬುದನ್ನು ಹೆಸರು ಮುಚ್ಚಿದಾಗ ಗುರುತಿಸಲು ಬರದಿದ್ದರೆ ಬಿಟ್ಟುಬಿಡಿ. ಮುಂದೆ ಅದನ್ನು ಎತ್ತಿಹಿಡಿಯಲು ಬೇರೇನೂ ಬರುವುದಿಲ್ಲ. ಪ್ಯಾರಾನಾರ್ಮಲ್ ಆದರೆ ಸಂಭಾಷಣೆ ತುಸು ಒರಟಾಗಿದ್ದರೂ ಕ್ಷಮಿಸಿ, ನಾಯಕಿ ‘ಒಲ್ಲೆ’ ಎಂದುಬಿಟ್ಟರೆ ಆ ಲೋಕದಲ್ಲಿ ಏನಾಗುತ್ತದೆ ಎಂಬುದು ಸ್ಯಾಂಪಲ್ ಮುಗಿಯುವುದರೊಳಗೆ ತಿಳಿಯುತ್ತದೆಯೇ ನೋಡಿ. ಎರಡೂ ಹೊಸದಾದವರು ‘ಹೇಟಿಂಗ್ ಗೇಮ್’ ಮತ್ತು ‘ಸ್ಲೇವ್ ಟು ಸೆನ್ಸೇಷನ್’ ಜೋಡಿಯಿಂದ ಶುರುಮಾಡಲಿ. ‘ಟ್ವಿಲೈಟ್’ನಿಂದ ಬೇಡ; ಅದನ್ನು ಓದಿ ಇಡೀ ಪ್ರಕಾರವನ್ನೇ ಬಿಟ್ಟವರ ಸಂಖ್ಯೆ ಕಡಿಮೆಯೇನಲ್ಲ.