ಬ್ರೀಚ್ ಮಗುವೇ? ಒಂದು ಸಾಲಿನ ಸ್ಕ್ಯಾನ್ ರಿಪೋರ್ಟ್ ನಂಬಿ ಕೂರಬೇಡಿ

ನನ್ನ ಮಗಳು ಹೊಟ್ಟೆಯೊಳಗೆ ಕೊನೆಯವರೆಗೂ ತಲೆ ಮೇಲೆ ಮಾಡಿಕೊಂಡೇ ಕೂತಿದ್ದಳು. ಸಿಸೇರಿಯನ್ ಆಯ್ತು. ಡಿಸ್ಚಾರ್ಜ್ ಚೀಟಿಯಲ್ಲಿ ‘ಬ್ರೀಚ್’ ಅಂತ ಬರೆದಿತ್ತು, ಅಷ್ಟೇ. ಅಂಥ ಮಕ್ಕಳಲ್ಲಿ ತೊಡೆ ಮೂಳೆಯ ತಲೆ ಸೊಂಟದ ಬಟ್ಟಲಿನಲ್ಲಿ ಸರಿಯಾಗಿ ಕೂರದ ತೊಂದರೆ (ಡಿಡಿಎಚ್) ಹೆಚ್ಚು, ಅದಕ್ಕೇ ಆರು ವಾರದ ಹೊತ್ತಿಗೆ ಸೊಂಟದ ಕೀಲಿನ ಅಲ್ಟ್ರಾಸೌಂಡ್ ಮಾಡಿಸಬೇಕು ಅಂತ ಯಾರೂ ಹೇಳಲಿಲ್ಲ, ಲಸಿಕೆಗೆ ಹೋದಾಗಲೂ.

ಮೊದಲು ಗಮನಿಸಿದ್ದು ಎಣ್ಣೆ-ನೀರು ಹಾಕೋಕೆ ಬರುತ್ತಿದ್ದ ಅಜ್ಜಿ. ಕಾಲ ಮೇಲೆ ಮಲಗಿಸಿಕೊಂಡು ತಿಕ್ಕುತ್ತಾ, “ನೋಡವ್ವಾ, ಬಲಗಾಲು ಸಲೀಸಾಗಿ ಅಗಲ ಆಗ್ತೈತಿ, ಎಡಗಾಲು ಬಿಗಿ ಹಿಡೀತೈತಿ” ಅಂದರು. ಆಗ ಎರಡೂವರೆ ತಿಂಗಳು. ಮರುದಿನವೇ ಸ್ಕ್ಯಾನ್ ಸೆಂಟರಿಗೆ ಓಡಿದೆವು. ಮಗು ಕಿರುಚುತ್ತಿತ್ತು, ಅವರು ಎರಡು ನಿಮಿಷದಲ್ಲಿ ಮುಗಿಸಿದರು. ರಿಪೋರ್ಟಲ್ಲಿ ಒಂದೇ ಸಾಲು: ಎರಡೂ ಕೀಲು ನಾರ್ಮಲ್. ಸಮಾಧಾನ ಆಯ್ತು. ಕಾಲು ಸೊಟ್ಟ ಆಗಬಾರದು ಅಂತ ನೇರ ಮಾಡಿ ಬಿಗಿಯಾಗಿ ಬಟ್ಟೆ ಸುತ್ತೋದನ್ನೂ ಮುಂದುವರಿಸಿದೆವು. ಅದೇ ತಪ್ಪಂತೆ. ಕಾಲು ಕಪ್ಪೆಯ ಹಾಗೆ ಮಡಚಿ ಆಡುವಷ್ಟು ಸಡಿಲ ಇರಬೇಕು. ಅಮ್ಮಂದಿರು ಕೂಸನ್ನು ಸೊಂಟದ ಮೇಲೆ ಕಾಲಗಲಿಸಿ ಕೂರಿಸಿಕೊಳ್ಳೋದೇ ಕೀಲಿಗೆ ಒಳ್ಳೆಯದು.

ಹದಿಮೂರು ತಿಂಗಳಿಗೆ ಹೆಜ್ಜೆ ಇಟ್ಟಳು, ಎಡಕ್ಕೆ ವಾಲುತ್ತಾ. ಎಕ್ಸ್‌ರೇಯಲ್ಲಿ ಎಡತೊಡೆ ಮೂಳೆಯ ತಲೆ ಬಟ್ಟಲಿನಿಂದ ಹೊರಗೇ ಇತ್ತು. ಮಕ್ಕಳ ಮೂಳೆ ಡಾಕ್ಟರ್ ಹಳೇ ರಿಪೋರ್ಟ್ ತಿರುಗಿಸಿ ನೋಡಿ, “ಆಲ್ಫಾ ಕೋನ ಎಲ್ಲಿದೆ?” ಅಂದರು. ಗ್ರಾಫ್ ಎಂಬ ಡಾಕ್ಟರರ ಹೆಸರಿನ ವಿಧಾನದಲ್ಲಿ ಸ್ಕ್ಯಾನ್ ಚಿತ್ರದ ಮೇಲೆ ಗೆರೆ ಎಳೆದು ಈ ಕೋನ ಅಳೀತಾರೆ. 60 ಡಿಗ್ರಿ ಅಥವಾ ಹೆಚ್ಚಿದ್ದರೆ ಬಟ್ಟಲು ಸರಿ ಇದೆ ಅಂತ. ನಮ್ಮದರಲ್ಲಿ ಗೆರೆಯೂ ಇಲ್ಲ, ಅಂಕಿಯೂ ಇಲ್ಲ.

ಆಗಲೇ ತೊಂದರೆ ಗೊತ್ತಾಗಿದ್ದರೆ, ಕಾಲನ್ನು ಮಡಚಿ ಅಗಲಿಸಿ ಹಿಡಿಯುವ ಪಾವ್ಲಿಕ್ ಪಟ್ಟಿಯಲ್ಲೇ ಸರಿಹೋಗುವ ಸಾಧ್ಯತೆ ಹೆಚ್ಚಿತ್ತು. ಆರು ತಿಂಗಳು ದಾಟಿದರೆ ಆ ಪಟ್ಟಿ ಸಾಮಾನ್ಯವಾಗಿ ಕೆಲಸಕ್ಕೆ ಬರಲ್ಲ. ನಮಗಾಗಿದ್ದು ಅನಸ್ತೇಶಿಯಾ, ಎದೆಯಿಂದ ಪಾದದವರೆಗೆ ಪ್ಲಾಸ್ಟರ್, ಮೂರು ತಿಂಗಳು, ಅದೂ ಬೇಸಿಗೆಯಲ್ಲಿ. ಅಗಲಿಸಿದ ಕಾಲು ತೊಟ್ಟಿಲಿಗೆ ಹಿಡಿಸಲಿಲ್ಲ. ಚಿಕ್ಕ ಡಯಾಪರನ್ನು ಪ್ಲಾಸ್ಟರಿನ ಅಂಚಿನೊಳಗೆ ತುರುಕಿ ಮೇಲೊಂದು ದೊಡ್ಡದು ಹಾಕಿದರೂ ಉಚ್ಚೆ ಒಳಗೆ ಇಳಿಯುತ್ತಿತ್ತು. ರಾತ್ರಿ ಇರುವೆ ಬಂದಾಗ ಟಾರ್ಚ್ ಹಿಡಿದು ಒಂದೊಂದಾಗಿ ಆರಿಸಿದ್ದೇವೆ.

ಮಗು ಬ್ರೀಚ್ ಆಗಿದ್ದರೆ, ಇಲ್ಲವೇ ಮನೆಯಲ್ಲಿ ಯಾರಿಗಾದರೂ ಹುಟ್ಟಿನಿಂದ ಈ ತೊಂದರೆ ಇದ್ದರೆ, ಆರು ವಾರಕ್ಕೆ ನೀವೇ ಬಾಯಿಬಿಟ್ಟು ಸ್ಕ್ಯಾನ್ ಕೇಳಿ. ಎಳೇ ಮಕ್ಕಳ ಸೊಂಟದ ಸ್ಕ್ಯಾನ್ ಮಾಡಿ ರೂಢಿ ಇದೆಯಾ ಅಂತ ಫೋನಲ್ಲೇ ವಿಚಾರಿಸಿ. ಎರಡೂ ಕಡೆಯ ಕೋನ ಬರೆದಿಲ್ಲ ಅಂದರೆ ಬರೆಸಿಕೊಂಡೇ ಎದ್ದು ಬನ್ನಿ. ರಿಪೋರ್ಟ್ ಏನೇ ಹೇಳಲಿ, ಒಂದು ಕಾಲು ಅಗಲ ಆಗದಿದ್ದರೆ ಮಕ್ಕಳ ಮೂಳೆ ಡಾಕ್ಟರಿಗೆ ತೋರಿಸಿ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲೂ ಈ ಕಾಯಿಲೆ ಇದೆ, ದುಡ್ಡಿಲ್ಲ ಅಂತ ಬಿಡಬೇಡಿ.

ಅವಳೀಗ ನಡೀತಾಳೆ. ಮುಂದಿನ ಎಕ್ಸ್‌ರೇ ಬರುವ ತಿಂಗಳು.