ಮಿಲ್ಕ್ ಬಾರ್: ಬರೀ ಸಕ್ಕರೆ ಅನ್ನೋರು, ಇನ್ನೊಂದು ಕೊಡಿ ಅನ್ನೋರು

ನ್ಯೂಯಾರ್ಕ್ ನೋಡೋಕೆ ಅಂತ ಊರಿಂದ ಯಾರೇ ಬಂದ್ರೂ ಅವ್ರ ಲಿಸ್ಟಲ್ಲಿ ಮಿಲ್ಕ್ ಬಾರ್ ಅನ್ನೋ ಬೇಕರಿ ಇದ್ದೇ ಇರುತ್ತೆ. ಹೋಗಿ ಬಂದ್ಮೇಲೆ ಮಾತ್ರ ಅರ್ಧ ಜನ "ಅಯ್ಯೋ ಬರೀ ಸಕ್ಕರೆ ಕಣ್ರೀ, ಇದಕ್ಕಾ ಇಷ್ಟು ಹವಾ" ಅಂತಾರೆ, ಇನ್ನರ್ಧ ಜನ ಆಗ್ಲೇ ಎರಡು ಡಬ್ಬ ಕಟ್ಟಿಸ್ಕೊಂಡು ಕೈಲಿ ಹಿಡ್ಕೊಂಡಿರ್ತಾರೆ. ನಾವಿರೋದು ಪಕ್ಕದ ನ್ಯೂಜೆರ್ಸಿ ರಾಜ್ಯದ ಎಡಿಸನ್‌ನಲ್ಲಿ, ಟ್ರೈನ್ ಹತ್ತಿ ಪೆನ್ ಸ್ಟೇಷನ್‌ನಲ್ಲಿ ಇಳಿದ್ರೆ ಬ್ರಾಡ್‌ವೇಲಿರೋ ಅಂಗಡಿಗೆ ನಡ್ಕೊಂಡೇ ಹೋಗ್ಬಹುದು, ಹಾಗಾಗಿ ಬಂದೋರ್ನೆಲ್ಲ ಕರ್ಕೊಂಡು ಹೋಗೋ ಕೆಲ್ಸ ನನ್ನ ತಲೆಗೇ ಬಂದಿದೆ, ವಾಪಸ್ ಬರೋ ಟ್ರೈನಲ್ಲಿ ಜಗಳ ಕೇಳೋ ಕೆಲ್ಸನೂ ನಂದೇ. ನನ್ನ ಪಾರ್ಟಿ ಯಾವ್ದು ಅಂತ ಮೊದ್ಲೇ ಹೇಳ್ಬಿಡ್ತೀನಿ. ಅಂಗಡಿ ಒಳ್ಳೇದೇ. ಆದ್ರೆ ಎಲ್ರೂ ಮುಗಿಬಿದ್ದು ಫೋಟೋ ಹೊಡೆಯೋ ಆ ಬರ್ತ್‌ಡೇ ಕೇಕ್ ಇದ್ಯಲ್ಲ, ಅದು ನಮ್ಮಂಥವ್ರಿಗೆ ಮಾಡಿದ್ದೇ ಅಲ್ಲ. ನಾವು ತಗೋಬೇಕಾಗಿರೋದು ಯಾರೂ ತಿರುಗಿ ನೋಡದ ಕಾರ್ನ್ ಕುಕಿ.

ಹಿನ್ನೆಲೆ ಗೊತ್ತಿಲ್ದೇ ಇರೋರಿಗೆ ಸ್ವಲ್ಪ. ಇದನ್ನ ಶುರು ಮಾಡಿದ್ದು ಕ್ರಿಸ್ಟಿನಾ ಟೋಸಿ ಅನ್ನೋ ಪೇಸ್ಟ್ರಿ ಶೆಫ್, 2008ರಲ್ಲಿ, ಈಸ್ಟ್ ವಿಲೇಜ್‌ನಲ್ಲಿ, ಡೇವಿಡ್ ಚಾಂಗ್ ಅನ್ನೋ ಶೆಫ್ ಅವ್ರ ಮೊಮೊಫುಕು ರೆಸ್ಟೋರೆಂಟ್ ಪಕ್ಕದಲ್ಲೇ. ಈಯಮ್ಮ ಚಾಂಗ್ ಹತ್ರ ಸೇರಿದ್ದು ಸ್ವೀಟ್ ಮಾಡೋಕಲ್ಲ, ಹೆಲ್ತ್ ಡಿಪಾರ್ಟ್‌ಮೆಂಟಿಗೆ ಕೊಡ್ಬೇಕಾದ ಪೇಪರ್ ವರ್ಕ್ ಮಾಡೋಕೆ! ಮನೇಲಿ ಏನೇನೋ ಬೇಕ್ ಮಾಡ್ಕೊಂಡು ಆಫೀಸಿಗೆ ತರ್ತಿದ್ರಂತೆ, ತಿಂದು ತಿಂದು ರುಚಿ ಹತ್ತಿ ಕೊನೆಗೆ ಡೆಸರ್ಟ್ ನೀನೇ ಮಾಡು ಅಂತ ಕೂರಿಸಿದ್ದು. ಅದಾದ್ಮೇಲೆ ಇಲ್ಲಿನ ಅಡುಗೆಯವ್ರಿಗೆ ಕೊಡೋ ದೊಡ್ಡ ಪ್ರಶಸ್ತಿ ಜೇಮ್ಸ್ ಬಿಯರ್ಡ್ ಎರಡು ಸಲ ಬಂತು, 2012ರಲ್ಲಿ ಒಂದು, 2015ರಲ್ಲಿ ಇನ್ನೊಂದು, ಮಾಸ್ಟರ್‌ಶೆಫ್ ಅಮೆರಿಕದಲ್ಲಿ ಜಡ್ಜ್ ಆಗಿದ್ದೂ 2015ರಲ್ಲೇ. ಸುತ್ತ ಕ್ರೀಮ್ ಮೆತ್ತದೇ ಪದರ ಪದರ ಕಾಣೋ ಹಾಗೆ ಬಿಡೋ ಕೇಕು ಈಗ ಬೆಂಗ್ಳೂರಲ್ಲಿ ಮದ್ವೆ ರಿಸೆಪ್ಷನ್‌ಗೂ ಬಂದಿದ್ಯಲ್ಲ, ಆ ಫ್ಯಾಷನ್ ಇಷ್ಟು ಹಬ್ಬಿದ್ರಲ್ಲಿ ಈ ಅಂಗಡಿ ಪಾಲು ದೊಡ್ಡದು.

ಈಗ ಆ ಕೇಕ್ ವಿಷ್ಯಕ್ಕೇ ಬರೋಣ, ಜಗಳ ಇರೋದೇ ಅಲ್ಲಿ. ನಮ್ಮತ್ತೆ ಅದನ್ನ ನೋಡಿದ ತಕ್ಷಣ ಮಗಳನ್ನ ಕೇಳಿದ್ದು "ಏನೇ ಪುಟ್ಟಿ, ಸುತ್ತ ಕ್ರೀಮು ಹಚ್ಚೋಕೆ ಮರ್ತೋಗಿದ್ದಾರಾ?" ಅವ್ಳು "ಅಜ್ಜಿ, ಅದೇ ಸ್ಟೈಲು" ಅಂದ್ಲು. "ದುಡ್ಡು ಕಮ್ಮಿ ತಗೋತಾರಾ ಮತ್ತೆ?" ಅಂದ್ರು ಇವ್ರು. ತಗೊಳಲ್ಲ, ಜಾಸ್ತೀನೇ ತಗೋತಾರೆ. ಮಾಡೋ ಶ್ರಮ ನೋಡಿದ್ರೆ ಅದಕ್ಕೆ ಅರ್ಥ ಇದೆ ಅಂತಾನೂ ಅನ್ಸುತ್ತೆ. ದೊಡ್ಡ ಟ್ರೇನಲ್ಲಿ ಬೆಂದ ಕೇಕನ್ನ ಆರಿಂಚಿನ ರಿಂಗಲ್ಲಿ ದುಂಡಗೆ ಕತ್ತರಿಸಿ, ಮಿಕ್ಕಿದ ಚೂರುಗಳನ್ನೂ ಬಿಸಾಕದೇ ತಳದ ಪದರಕ್ಕೆ ಒತ್ತಿ, ರಿಂಗ್ ಒಳಗಡೆ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಮೇಲೆ ವೆನಿಲ್ಲಾ ಹಾಕಿದ ಹಾಲು ಹಚ್ಚಿ, ಫ್ರಾಸ್ಟಿಂಗ್, ಬೇಕ್ ಮಾಡಿದ ಗರಿಗರಿ ಪುಡಿ, ಮತ್ತೆ ಕೇಕು, ಹೀಗೆ ಮೂರು ಪದರ ಕಟ್ಟಿ ಕಮ್ಮಿ ಅಂದ್ರೂ ಹನ್ನೆರಡು ಗಂಟೆ ಫ್ರೀಜರಲ್ಲಿಡ್ತಾರೆ, ಅದು ಗಟ್ಟಿ ಆದ್ಮೇಲೆ ಪಟ್ಟಿ ಬಿಚ್ಚಿದ್ರೆ ಪಕ್ಕಗಳು ಗೀಟು ಎಳ್ದಂಗೆ ನೀಟಾಗಿ ನಿಲ್ಲುತ್ತೆ. ಇದೆಲ್ಲ ಅವ್ರೇ 2011ರಲ್ಲಿ ಪುಸ್ತಕ ಮಾಡಿ ಹೊರಗೆ ಬಿಟ್ಟಿದ್ದಾರೆ, ಗುಟ್ಟೇನಿಲ್ಲ.

ಆದ್ರೆ ಬಾಯಿಗಿಟ್ಟಾಗ ಬರೋದು ಏನು? ವೆನಿಲ್ಲಾ ಎಸೆನ್ಸು. ನಮ್ಮ ಯಜಮಾನ್ರು ಮೊದಲ ತುತ್ತಿಗೇ ಪ್ಲೇಟ್ ಪಕ್ಕಕ್ಕಿಟ್ರು. "ಇಷ್ಟು ದೊಡ್ಡ ಶೆಫ್ ಅಂತೆ, ಒರಿಜಿನಲ್ ವೆನಿಲ್ಲಾ ಹಾಕೋಕೆ ಏನ್ ಕಷ್ಟ" ಅಂತ. ಇಲ್ಲಿ ಒಂದು ವಿಷ್ಯ ಹೇಳ್ಬೇಕು. ಅದು ಜಿಪುಣತನ ಅಲ್ಲ, ಬೇಕೂಂತ್ಲೇ ಮಾಡಿರೋದು. ಆ ಕೇಕಿನ ರೆಸಿಪಿಲೇ ಬಣ್ಣ ಇಲ್ದಿರೋ ಕೃತಕ ವೆನಿಲ್ಲಾನೇ ಹಾಕಿ ಅಂತಿದೆ, ಯಾಕಂದ್ರೆ ಅವ್ರು ಹುಡುಕ್ತಿರೋದು ಅಮೆರಿಕದ ಅಂಗಡೀಲಿ ಡಬ್ಬೀಲಿ ಸಿಗೋ ರೆಡಿ ಮಿಕ್ಸ್ ಕೇಕಿನ ವಾಸನೆನ. 1989ರಲ್ಲಿ ಪಿಲ್ಸ್‌ಬರಿಯವ್ರು ಬಣ್ಣ ಬಣ್ಣದ ಸ್ಪ್ರಿಂಕಲ್ಸ್ ಸೇರಿಸಿರೋ ಫನ್‌ಫೆಟ್ಟಿ ಅನ್ನೋ ಮಿಕ್ಸ್ ತಂದ್ರು, ಇಲ್ಲಿ ಒಂದು ತಲೆಮಾರಿನ ಮಕ್ಕಳು ಹುಟ್ಟುಹಬ್ಬಕ್ಕೆ ತಿಂದು ಬೆಳೆದಿದ್ದು ಅದನ್ನೇ. ಒರಿಜಿನಲ್ ವೆನಿಲ್ಲಾ ಹಾಕಿದ್ರೆ ಕೇಕ್ ಚೆನ್ನಾಗಿರ್ಬಹುದು, ಆದ್ರೆ ಆ ನೆನಪು ಬರಲ್ಲ.

ಮಗಳು ಹುಟ್ಟಿದ್ದು ಇಲ್ಲೇ, ಹತ್ತನೇ ಕ್ಲಾಸು. ಅವ್ಳು ಹೇಳಿದ್ದು ನನಗೆ ಸರಿ ಅನ್ಸ್ತು. "ಅಮ್ಮ, ಯಾರದಾದ್ರೂ ಬರ್ತ್‌ಡೇ ಇದ್ದಾಗ ಮಧ್ಯಾಹ್ನ ಕ್ಲಾಸ್‌ರೂಮ್ ತುಂಬಾ ಇದೇ ವಾಸನೆ ಇರ್ತಿತ್ತು, ಅಪ್ಪಂಗೆ ಹೇಗೆ ಗೊತ್ತಾಗ್ಬೇಕು." ಯಜಮಾನ್ರಿಗೆ ನಾನು ಕೇಳಿದ್ದು ಇಷ್ಟೇ: ರೀ, ಬಸವನಗುಡಿ ಅಯ್ಯಂಗಾರ್ ಬೇಕರಿ ಹನಿ ಕೇಕ್ ಅಂದ್ರೆ ಈಗ್ಲೂ ಬಾಯಿ ಬಿಡ್ತೀರಲ್ಲ, ಸಕ್ಕರೆ ಪಾಕದಲ್ಲಿ ನೆನೆದ ಸ್ಪಾಂಜು, ಮೇಲೆ ಕೆಂಪು ಜಾಮು, ಅದರ ಮೇಲೆ ಕೊಬ್ರಿ ತುರಿ, ಅದ್ರಲ್ಲಿ ಬರೋ ಘಮ ಯಾವ ತೋಟದ್ದು? ಅದೂ ಬಾಟ್ಲಿ ಎಸೆನ್ಸೇ ತಾನೆ. ಪೇಪರ್ ಚೂರಲ್ಲಿ ಇಟ್ಕೊಂಡು ರಸ್ತೇಲಿ ನಿಂತು ತಿನ್ನುವಾಗ ಯಾರಾದ್ರೂ ಬಂದು "ಇದೇನ್ ಒರಿಜಿನಲ್ ಅಲ್ಲ" ಅಂದಿದ್ರೆ ಬಿಡ್ತಿದ್ರಾ ಅವ್ರನ್ನ? ಅದಕ್ಕೆ ಉತ್ರ ಬರ್ಲಿಲ್ಲ, ಪ್ಲೇಟೂ ವಾಪಸ್ ತಗೊಳ್ಲಿಲ್ಲ. ಅದೂ ಸರೀನೇ. ಬೇರೆಯವ್ರ ಬಾಲ್ಯಾನ ದುಡ್ಡು ಕೊಟ್ಟು ತಿಂದ್ರೆ ನಮಗೆ ಸಿಗೋದು ಬರೀ ಸಿಹಿ. ಬೇಕರಿ ಕೆಟ್ಟದು ಅಂತ ಬೈಯೋರೂ, ಬೈಯೋರಿಗೆ ಟೇಸ್ಟ್ ಇಲ್ಲ ಅನ್ನೋರೂ ಇದನ್ನೇ ಬಿಟ್ಟು ಮಾತಾಡ್ತಾರೆ.

ಸೀರಿಯಲ್ ಮಿಲ್ಕ್ ಸಾಫ್ಟ್ ಸರ್ವ್, ಅಂದ್ರೆ ಮೆಷಿನ್ನಿಂದ ಮೆತ್ತಗೆ ಸುರಿಯೋ ಐಸ್‌ಕ್ರೀಮ್, ಅದರ ಕಥೆ ಬೇರೆ. ಅದು ಕಾರ್ನ್‌ಫ್ಲೇಕ್ಸ್ ತಿಂದಾದ್ಮೇಲೆ ಬಟ್ಟಲ ತಳದಲ್ಲಿ ಉಳಿಯೋ ಹಾಲಿನ ರುಚಿ. ಕೇಳೋಕೆ ಹುಚ್ಚಾಟ ಅನ್ಸುತ್ತೆ, ಆದ್ರೆ ಮಾಡೋ ರೀತಿ ಸಿಂಪಲ್: ಕಾರ್ನ್‌ಫ್ಲೇಕ್ಸನ್ನ ಓವನ್‌ನಲ್ಲಿ ಹದಿನೈದು ನಿಮಿಷ ಹುರಿದು, ತಣ್ಣನೆ ಹಾಲಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಸೋಸಿ, ಸ್ವಲ್ಪ ಕಂದು ಸಕ್ಕರೆ, ಚಿಟಿಕೆ ಉಪ್ಪು. ಸೋಸುವಾಗ ಜಾಸ್ತಿ ಹಿಂಡಿದ್ರೆ ಹಾಲು ಗಂಜಿ ಗಂಜಿ ಆಗುತ್ತೆ, ಹಾಗಾಗಿ ಕೈ ಹಗುರ ಇರ್ಬೇಕು. ಮನೇಲೂ ಮಾಡಿ ನೋಡಿ, ಐಸ್‌ಕ್ರೀಮ್ ಆಗ್ಲೇಬೇಕಂತಿಲ್ಲ, ಫ್ರಿಜ್ಜಲ್ಲಿಟ್ಟು ಹಾಗೇ ಕುಡಿದ್ರೂ ಚೆನ್ನಾಗಿರುತ್ತೆ. ಆ ಹುರಿಯೋದ್ರಲ್ಲೇ ಎಲ್ಲ ಇದೆ, ಹುರೀದೇ ಹಾಕಿದ್ರೆ ಬರೀ ಒದ್ದೆ ಪೊಟ್ಟಣದ ವಾಸನೆ.

ಇದರಲ್ಲಿ ತಮಾಷೆ ಏನಂದ್ರೆ ಕಾರ್ನ್‌ಫ್ಲೇಕ್ಸ್ ನೆನಪು ನಮಗೂ ಇದೆ, ಆದ್ರೆ ಅದು ಬಿಸಿ ಹಾಲಿಂದು. ಕೆಲಾಗ್ಸ್ ಇಂಡಿಯಾಗೆ ಬಂದಿದ್ದು 1994ರಲ್ಲಿ, ತಣ್ಣನೆ ಹಾಲು ಹಾಕೊಳ್ಳಿ ಅಂತ ಅವ್ರು ಎಷ್ಟು ಹೇಳಿದ್ರೂ ನಮ್ಮಮ್ಮಂದಿರು ಕೇಳ್ಬೇಕಲ್ಲ, ಬೆಳಿಗ್ಗೆ ಬೆಳಿಗ್ಗೆ ತಣ್ಣನೆ ಹಾಲು ಕುಡಿದ್ರೆ ಶೀತ ಆಗುತ್ತೆ ಅಂತ ಕುದಿಯೋ ಹಾಲೇ ಸುರಿಯೋರು, ಎರಡು ಚಮಚ ಸಕ್ಕರೆ ಬೇರೆ, ಅರ್ಧ ನಿಮಿಷಕ್ಕೆ ಎಲ್ಲ ಮೆತ್ತಗಾಗಿ ಪಾಯಸದ ಥರ ಆಗ್ತಿತ್ತು. ಸ್ಕೂಲ್ ಬಸ್ಸು ಹಾರ್ನ್ ಹೊಡೀತಿರೋದು, ನಾವು ಅದನ್ನ ನುಂಗ್ತಿರೋದು. ಹಾಗಾಗಿ ಸೀರಿಯಲ್ ಮಿಲ್ಕ್ ಬಾಯಿಗಿಟ್ರೆ ನನ್ನ ವಯಸ್ಸಿನೋರಿಗೆ ಪೂರ್ತಿ ಅಲ್ದಿದ್ರೂ ಅರ್ಧ ಗುರುತು ಸಿಗುತ್ತೆ. ನನಗಂತೂ ಇಷ್ಟ, ಮೇಲಿನ ಕಾರ್ನ್‌ಫ್ಲೇಕ್ಸ್ ಕ್ರಂಚ್ ಇನ್ನೂ ಇಷ್ಟ. ಅತ್ತೆಗೆ "ಹಾಲು ಸೀದಿದ್ಯಾ" ಅನ್ನಿಸ್ತಂತೆ. ಅವ್ರು ಕಾರ್ನ್‌ಫ್ಲೇಕ್ಸ್ ಮುಟ್ಟಿದೋರೇ ಅಲ್ಲ.

ಇನ್ನು ಪೈ. ಮೊದ್ಲು ಕ್ರ್ಯಾಕ್ ಪೈ ಅಂತಿತ್ತು, ಒಂದು ಕಾಲದಲ್ಲಿ ಇಡೀ ಪೈಗೆ 44 ಡಾಲರ್ ಇಟ್ಟು ಪೇಪರಲ್ಲೆಲ್ಲ ಸುದ್ದಿ ಆಗಿತ್ತು. ಕ್ರ್ಯಾಕ್ ಅಂದ್ರೆ ಇಲ್ಲಿ ಎಷ್ಟೋ ಬಡವರ ಏರಿಯಾಗಳನ್ನ ಹಾಳು ಮಾಡಿದ ಡ್ರಗ್ಗು, ಅದನ್ನ ಸಿಹಿ ತಿಂಡಿಗೆ ಇಟ್ಟು ನಗೋದು ಏನು ಚೆಂದ ಅಂತ ಜನ ಕೇಳ್ತಾನೇ ಬಂದ್ರು, 2019ರಲ್ಲಿ ಮಿಲ್ಕ್ ಬಾರ್ ಪೈ ಅಂತ ಬದಲಾಯಿಸಿದ್ರು. ಒಳ್ಳೇ ಕೆಲ್ಸ. ಟೋಸಿ ಅದನ್ನ ಮೊದ್ಲು ಮಾಡಿದ್ದು ವೈಲಿ ಡುಫ್ರೇನ್ ಅನ್ನೋ ಇನ್ನೊಬ್ಬ ಶೆಫ್ ಅವ್ರ ಡಬ್ಲ್ಯೂಡಿ-50 ರೆಸ್ಟೋರೆಂಟಲ್ಲಿ ಕೆಲ್ಸದವ್ರ ಊಟಕ್ಕೆ, ಏನೂ ಇಲ್ದಿರೋ ದಿನ ಇದ್ದಿದ್ರಲ್ಲೇ ಮಾಡಿದ್ದಂತೆ. ಇದ್ದಿದ್ದು ಅಂದ್ರೆ ಸಕ್ಕರೆ, ಬೆಣ್ಣೆ, ಕ್ರೀಮು, ಮೊಟ್ಟೆ ಹಳದಿ. ಕೆಳಗಡೆ ಓಟ್ಸ್ ಕುಕಿ ಪುಡಿ ಮಾಡಿ ಒತ್ತಿದ ತಳ. ಮೊದ್ಲು 350 ಡಿಗ್ರಿ ಫ್ಯಾರನ್‌ಹೀಟಲ್ಲಿ ಹದಿನೈದು ನಿಮಿಷ ಬೇಯಿಸಿ, ಓವನ್ ಬಾಗ್ಲು ತೆಗೆದು 325ಕ್ಕೆ ಇಳಿಯೋವರೆಗೂ ಕಾದು, ಮತ್ತೆ ಬಾಗ್ಲು ಹಾಕಿ ಐದು ನಿಮಿಷ. ಅಂಚು ಕಂದು ಆಗಿರ್ಬೇಕು, ನಡು ಮಾತ್ರ ಇನ್ನೂ ಅಲ್ಲಾಡ್ತಿರ್ಬೇಕು. ಆಮೇಲೆ ನೇರ ಫ್ರೀಜರ್‌ಗೆ. ಹೀಗೆ ಮಾಡಿದ್ದಕ್ಕೇ ಅದು ಬಾಯಲ್ಲಿ ಬರ್ಫಿಗಿಂತ ಮೆತ್ತಗೆ, ಹಲ್ವಕ್ಕಿಂತ ಗಟ್ಟಿಯಾಗಿ ಕೂರುತ್ತೆ. ಹಾಲಿನ ಪುಡಿ ಹಾಕಿರ್ತಾರೆ, ಅದೇ ಇದರ ಜೀವ, ಖೋವಾ ತಿಂದು ಬೆಳೆದ ನಾಲಿಗೆ ಅದನ್ನ ತಕ್ಷಣ ಹಿಡಿಯುತ್ತೆ. ಅತ್ತೆ ಮರುಮಾತಿಲ್ದೆ ಮುಗಿಸಿದ್ದು ಇದೊಂದೇ. ಮೊಟ್ಟೆ ತಿನ್ನಲ್ಲ ಅಂತಾರೆ, ಆದ್ರೆ ಕಣ್ಣಿಗೆ ಕಾಣ್ದಿದ್ರೆ ನಡಿಯುತ್ತೆ ಅನ್ನೋ ಪೈಕಿ, ನಾವೂ ಕೆದಕೋಕೆ ಹೋಗ್ಲಿಲ್ಲ. ಸಿಹಿ ಮಾತ್ರ ಭಯಂಕರ. ಒಬ್ಬರಿಗೆ ಒಂದು ಸ್ಲೈಸ್ ಅಂತ ತಗೊಂಡ್ರೆ ಸಂಜೆ ಊಟ ಮರೆತ್ಬಿಡಿ, ಮೂರು ಜನಕ್ಕೆ ಒಂದು ಸಾಕು.

ಕಂಪೋಸ್ಟ್ ಕುಕಿ ಬಗ್ಗೆ ನನಗೆ ಹೇಳೋಕೆ ಜಾಸ್ತಿ ಇಲ್ಲ. ಪ್ರೆಟ್ಜೆಲ್, ಆಲೂ ಚಿಪ್ಸ್, ಕಾಫಿ ಪುಡಿ, ಓಟ್ಸು, ಚಾಕೊಲೇಟು ಎಲ್ಲ ಒಟ್ಟಿಗೆ. ಉಪ್ಪು ಸಿಹಿ ಸೇರೋದು ಚೆನ್ನಾಗಿದೆ, ಆದ್ರೆ ಅರ್ಧ ತಿಂದಾದ್ಮೇಲೆ ಯಾವ್ದು ಏನು ಅಂತ ಗೊತ್ತಾಗಲ್ಲ. ಹುಡುಗರಿಗೆ ಹುಚ್ಚು.

ಕಾರ್ನ್ ಕುಕಿ ನೋಡೋಕೆ ಏನೂ ಇಲ್ಲ. ಹಳದಿ, ಚಪ್ಪಟೆ, ಮೇಲೆ ಒಂದು ಚೂರು ಅಲಂಕಾರ ಇಲ್ಲ. ಮೆಕ್ಕೆಜೋಳದ ಹಿಟ್ಟಿನ ಜೊತೆ ಕಾಳನ್ನ ಫ್ರೀಜ್ ಡ್ರೈ ಮಾಡಿ, ಅಂದ್ರೆ ಹೆಪ್ಪುಗಟ್ಟಿಸಿ ನೀರಂಶ ತೆಗೆದು, ಪುಡಿ ಮಾಡಿ ಹಾಕ್ತಾರೆ, ಹಾಗಾಗಿ ಬರೋದು ಹಿಟ್ಟಿನ ರುಚಿ ಅಲ್ಲ, ಎಳೇ ಜೋಳ ಬೆಂದಾಗ ಬರೋ ಹಾಲಿನ ಸಿಹಿ. ಬೆಣ್ಣೆ ಸಕ್ಕರೆ ಮೊಟ್ಟೆನ ಮಿಕ್ಸರಲ್ಲಿ ಹತ್ತು ನಿಮಿಷ ಹೊಡೆದು, ಹಿಟ್ಟನ್ನ ತಣ್ಣಗೆ ಮಾಡಿ ಆಮೇಲೆ ಬೇಯಿಸ್ತಾರೆ, ಅದಕ್ಕೇ ಅಂಚು ಗರಿ, ನಡು ಅಗಿಯೋ ಹಾಗೆ. ಉಪ್ಪು ಚೆನ್ನಾಗಿ ಹಿಡಿದಿದೆ. ಇದಕ್ಕೆ ಯಾರ ಬಾಲ್ಯಾನೂ ಬೇಕಾಗಿಲ್ಲ, ಮಳೇಲಿ ನಿಂತು ಕೆಂಡದ ಮೇಲೆ ಸುಟ್ಟ ಮುಸುಕಿನ ಜೋಳ ತಿಂದೋರ್ಗೂ ಆಗುತ್ತೆ, ತಿನ್ನದೇ ಇರೋರಿಗೂ ಆಗುತ್ತೆ. ಯಜಮಾನ್ರು ಎರಡನೇದು ಕೇಳಿದ್ದು ಇದಕ್ಕೊಂದಕ್ಕೆ. ಎಲ್ಲ ದಿನ ಇರುತ್ತೆ ಅಂತ ನಾನು ಗ್ಯಾರಂಟಿ ಕೊಡಲ್ಲ, ಇದ್ರೆ ಬಿಡ್ಬೇಡಿ.

ಈಗ ಇವ್ರ ಕುಕಿ, ಐಸ್‌ಕ್ರೀಮ್ ಡಬ್ಬ ಎಲ್ಲ ಸೂಪರ್‌ಮಾರ್ಕೆಟಲ್ಲೂ ಸಿಗುತ್ತೆ, ಹಳೇ ಫ್ಯಾನ್ಸಿಗೆ ಅದರ ಮೇಲೆ ಸಿಟ್ಟು, ಪುಟ್ಟ ಅಂಗಡಿ ಹೋಗಿ ಕಂಪನಿ ಆಯ್ತು ಅಂತ. ನನಗೆ ಅದು ದೊಡ್ಡ ವಿಷ್ಯ ಅನ್ಸಲ್ಲ, ಆದ್ರೆ ಡಬ್ಬಿ ಕುಕಿ ತಿಂದು ಅಂಗಡಿ ಬಗ್ಗೆ ತೀರ್ಪು ಕೊಡ್ಬೇಡಿ, ಎರಡೂ ಒಂದೇ ಅಲ್ಲ.

ವೆಜ್ ಇರೋರಿಗೆ ಒಂದು ಮಾತು. ಕೇಕು, ಪೈ, ಕುಕಿ ಎಲ್ಲದ್ರಲ್ಲೂ ಮೊಟ್ಟೆ ಇದೆ ಅಂತಾನೇ ಅನ್ಕೊಳ್ಳಿ. ಕಾರ್ನ್‌ಫ್ಲೇಕ್ಸ್ ಮಾರ್ಷ್‌ಮ್ಯಾಲೋ ಕುಕಿ ಮುಟ್ಟೋ ಮುಂಚೆ ಕೇಳಿ, ಮಾರ್ಷ್‌ಮ್ಯಾಲೋದಲ್ಲಿ ಸಾಮಾನ್ಯವಾಗಿ ಜೆಲಾಟಿನ್ ಇರುತ್ತೆ, ಜೆಲಾಟಿನ್ ಬರೋದು ಪ್ರಾಣಿ ಮೂಳೆ ಚರ್ಮದಿಂದ. ಪುಸ್ತಕದಲ್ಲಿರೋ ಸೀರಿಯಲ್ ಮಿಲ್ಕ್ ಐಸ್‌ಕ್ರೀಮ್ ರೆಸಿಪಿಲೂ ಜೆಲಾಟಿನ್ ಇದೆ, ಹಾಗಾಗಿ ಸಾಫ್ಟ್ ಸರ್ವ್ ತಗೊಳೋವಾಗ್ಲೂ ಕೌಂಟರಲ್ಲಿ ಬಾಯಿ ಬಿಟ್ಟು ಕೇಳಿ, ಕೇಳೋಕೆ ಸಂಕೋಚ ಬೇಡ. ಪೈ ಮನೆಗೆ ತಂದ್ರೆ ಬಿಸಿ ಮಾಡೋಕೆ ಹೋಗ್ಬೇಡಿ, ಫ್ರಿಜ್ಜಿಂದ ತೆಗೆದು ತಣ್ಣಗಿರುವಾಗ್ಲೇ ತಿನ್ನಿ, ಜೊತೆಗೆ ಸಕ್ಕರೆ ಇಲ್ದೇ ಸ್ಟ್ರಾಂಗಾಗಿ ಒಂದು ಲೋಟ ಫಿಲ್ಟರ್ ಕಾಫಿ ಇದ್ರೆ ಎರಡನೇ ತುತ್ತು ಸಲೀಸಾಗಿ ಇಳಿಯುತ್ತೆ.