ಫ್ಯಾಟಿ ಲಿವರ್: ಅಲ್ಟ್ರಾಸೌಂಡ್ ಸಾಕಾ, ಫೈಬ್ರೋಸ್ಕ್ಯಾನ್ ಬೇಕಾ?

ಹೊಟ್ಟೆಯ ಅಲ್ಟ್ರಾಸೌಂಡ್‌ಗೆ ಖರ್ಚು ಕಡಿಮೆ, ಸುಲಭವಾಗಿ ಸಿಗುತ್ತದೆ. ಲಿವರ್‌ನಲ್ಲಿ ಕೊಬ್ಬು ಜಾಸ್ತಿ ಇದ್ದರೆ ತೋರಿಸುತ್ತದೆ, ಸ್ವಲ್ಪವೇ ಇದ್ದರೆ ತಪ್ಪಿಹೋಗಬಹುದು. ರಿಪೋರ್ಟಿನ ‘ಗ್ರೇಡ್ 1’, ‘ಗ್ರೇಡ್ 2’ ಕೊಬ್ಬಿನ ಅಂದಾಜು ಮಾತ್ರ. ನಾವು ಹೆದರಬೇಕಾದದ್ದು ಲಿವರ್ ಗಟ್ಟಿಯಾಗುವುದಕ್ಕೆ, ಅಲ್ವಾ? ಅದನ್ನು ಅಳೆಯುವುದು ಫೈಬ್ರೋಸ್ಕ್ಯಾನ್. ಮೂರು ಗಂಟೆ ಏನೂ ತಿನ್ನದೆ ಹೋಗಬೇಕು, ನೋವಿಲ್ಲ. ಗಟ್ಟಿತನದ ಅಳತೆ 8 ಕಿಲೋಪಾಸ್ಕಲ್‌ಗಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ನೆಮ್ಮದಿ.

ಎಲ್ಲರೂ ಸುಮ್ನೆ ಅದಕ್ಕೆ ದುಡ್ಡು ಹಾಕಬೇಕಿಲ್ಲ. ಮೊದಲು ವಯಸ್ಸು, ರಕ್ತಪರೀಕ್ಷೆಯಲ್ಲಿ ಸಿಗುವ ಎಎಸ್‌ಟಿ, ಎಎಲ್‌ಟಿ (ಲಿವರ್ ಕಿಣ್ವಗಳು), ಪ್ಲೇಟ್‌ಲೆಟ್ ಸೇರಿಸಿ ಡಾಕ್ಟರ ಹತ್ತಿರ ಫಿಬ್-4 (ಲಿವರ್ ಗಟ್ಟಿಯಾಗಿರುವ ಸಾಧ್ಯತೆ ಅಂದಾಜಿಸುವ ಅಂಕ) ಲೆಕ್ಕ ಹಾಕಿಸಿ. 1.3 ದಾಟಿದರೆ ಫೈಬ್ರೋಸ್ಕ್ಯಾನ್ ಮಾಡಿಸಿ. 65 ವರ್ಷ ದಾಟಿದವರಿಗೆ ಆ ಗಡಿ 2. ಟೈಪ್ 2 ಸಕ್ಕರೆ ಕಾಯಿಲೆ ಇದ್ದವರು ಈ ಫಿಬ್-4 ಲೆಕ್ಕವನ್ನು ತಪ್ಪಿಸಲೇಬಾರದು. ಜೊತೆಗೆ ಬಿಪಿ, ಕೊಲೆಸ್ಟ್ರಾಲ್ ಕೂಡ ನೋಡಿಸಿ. ಫ್ಯಾಟಿ ಲಿವರ್ ಇರುವವರ ಜೀವ ಹೆಚ್ಚಾಗಿ ತೆಗೆಯುವುದು ಹೃದಯದ ಕಾಯಿಲೆ.